ಒರೆಸಿದ ನೆಲ

"ಅಮ್ಮ, ಆಟೋ ಬಂತು, ಟವೆಲ್ ಕೊಡು," ಎಂದಳು ಮೇಘನಾ. ಅವಳ ತೋಳಲ್ಲಿ ಬೂದಿ ನಡುಗುತ್ತಿತ್ತು. ಹೆಸರಿಗೆ ತಕ್ಕ ಬಣ್ಣದ ಆ ಬೆಕ್ಕಿನ ಬಾಯಿಂದ ಜೊಲ್ಲು ಇಳಿದಿಳಿದು ಅವಳ ನೈಟಿ ಒದ್ದೆಯಾಗಿತ್ತು.

ಬಸವಲಿಂಗಮ್ಮ ಟವೆಲ್ ಹಿಡಿದು ತಾನೂ ಆಟೋ ಹತ್ತಿದಳು. ತುಂಬು ಬಸುರಿ ಮಗಳನ್ನು ಒಬ್ಬಳೇ ಕಳಿಸುವಂತಿರಲಿಲ್ಲ. ಮೇಘನಾ ಹೆರಿಗೆಗೆಂದು ಮಾಗಡಿಯ ತವರಿಗೆ ಬರುವಾಗ ಬೆಕ್ಕನ್ನೂ ಬುಟ್ಟಿಯಲ್ಲಿ ತಂದಿದ್ದಳು. ಗಂಡ ವೀರೇಂದ್ರನಿಗೆ ಪಾಳಿ ಕೆಲಸ, ನೋಡಿಕೊಳ್ಳುವವರಿಲ್ಲ ಎಂದಿದ್ದಳು. ಮಗು ಬರುವ ಮನೆಯಲ್ಲಿ ಬೆಕ್ಕಿನ ಕೂದಲು ಬೇಡವೆಂದು ಬಸವಲಿಂಗಮ್ಮ ಹೇಳಿ ನೋಡಿದ್ದಾಗಿತ್ತು. ಮಗಳು ನಕ್ಕುಬಿಡುತ್ತಿದ್ದಳು. ಬೆಕ್ಕೋ, ಬಾಣಂತನಕ್ಕೆಂದು ಸುಣ್ಣ ಹೊಡೆಸಿದ್ದ ಕೋಣೆಯಲ್ಲೇ ಹೋಗಿ ಮಲಗುತ್ತಿತ್ತು.

ಇದು ಪಕ್ಕದ ಮನೆ ದೇವರಾಜನ ಕೆಲಸವೇ ಎಂದು ಮೇಘನಾ ದಾರಿಯುದ್ದಕ್ಕೂ ಅಳುತ್ತ ಹೇಳಿದಳು. ಅವನು ತೆಂಗಿನಕಾಯಿ ಕೋಣೆಯಲ್ಲಿ ಇಲಿ ಪಾಷಾಣ ಇಡುವುದು ಬೀದಿಗೆಲ್ಲ ಗೊತ್ತಿತ್ತು. "ಇರ್ಬೋದು," ಎಂದಳು ಬಸವಲಿಂಗಮ್ಮ. ಅಂದ ಮೇಲೆ ತನ್ನ ಬೆರಳಿನ ಘಾಟು ತನಗೇ ಬಡಿದು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಂದು ಬೆಳಿಗ್ಗೆ ಬಾಣಂತನದ ಕೋಣೆಯ ನೆಲಕ್ಕೆ ಅವಳು ಕರಿ ಫಿನಾಯಿಲ್ ಸುರಿದಿದ್ದಳು. ಒಂದು ಬಕೆಟ್ ನೀರಿಗೆ ಮುಚ್ಚಳದಷ್ಟು ಸಾಕೆಂದು ಗೊತ್ತಿದ್ದೂ ನೀರೇ ಬೆರೆಸಿರಲಿಲ್ಲ. ಆ ಘಾಟಿಗೆ ಬೆಕ್ಕು ಇತ್ತ ಸುಳಿಯದಿರಲಿ ಎಂದಿತ್ತು ಮನಸ್ಸು. ಬೂದಿ ಒದ್ದೆಯ ಮೇಲೇ ನಡೆದು ಹೊರಬಂದು, ಅಂಗಳದಲ್ಲಿ ಕೂತು, ಪಾದ ಎತ್ತಿ ಎತ್ತಿ ನೆಕ್ಕಿಕೊಂಡಿತು. ಹುರುಳಿಕಾಯಿ ಸೋಸುತ್ತ ಅವಳು ಅದನ್ನು ನೋಡಿದ್ದಳು. ಸರಿಯಾಯ್ತು, ಇನ್ನು ಆ ಕೋಣೆಗೆ ಕಾಲಿಡುವುದಿಲ್ಲ ಅಂದುಕೊಂಡಿದ್ದಳು.

ಪಶುವೈದ್ಯೆ ಯಾಸ್ಮಿನ್ ಬೆಕ್ಕಿನ ಬಾಯಿ ಬಿಡಿಸಿ ನೋಡುತ್ತಿರುವಾಗ ಮೇಘನಾ ಇಲಿ ಪಾಷಾಣದ ವಿಷಯವನ್ನೆಲ್ಲ ಹೇಳಿದಳು. ಹಾಗಿದ್ದರೆ ಅದರ ಇಂಜೆಕ್ಷನ್ನೇ ಬೇರೆ, ಈಗಲೇ ಕೊಡಬೇಕು ಎಂದರು ಡಾಕ್ಟರು. ಔಷಧಿಯನ್ನು ಸಿರಿಂಜಿಗೆ ಎಳೆದುಕೊಳ್ಳುತ್ತ, ಮನೆಯಲ್ಲಿ ಬೇರೇನಾದರೂ ಬಾಯಿಗೆ ಸಿಕ್ಕಿರಬಹುದೇ ಎಂದು ಕೇಳಿದರು.

"ಇಲ್ಲ ಮೇಡಂ," ಎಂದಳು ಮೇಘನಾ. "ನಮ್ಮಮ್ಮ ಮನೇನ ಭಾಳ ಕ್ಲೀನಾಗಿ ಮಡಗ್ತಾಳೆ."

ಬಸವಲಿಂಗಮ್ಮ ಸೂಜಿಯನ್ನೇ ನೋಡುತ್ತಿದ್ದಳು. "ಒಸಿ ತಡೀರಿ ಮೇಡಂ," ಎಂದಳು. "ಇಲಿ ಪಾಷಾಣ ಅಲ್ಲ. ನಾನು ಫಿನಾಯಿಲ್ ಸುರ್ದಿದ್ದೆ, ನೀರ್ ಹಾಕಿರ್ಲಿಲ್ಲ. ಕಾಲ್ ನೆಕ್ಕೋತಿತ್ತು, ನೋಡ್ದೆ."

"ಯಾಕಮ್ಮ ನೀರ್ ಹಾಕ್ಲಿಲ್ಲ?" ಮೇಘನಾಳ ದನಿ ಏರಲಿಲ್ಲ.

"ಅದು ಒಳಕ್ ಬರ್ಬಾರ್ದು ಅಂತ. ವಿಷ ಆಯ್ತದೆ ಅಂತ ಗೊತ್ತಿರ್ಲಿಲ್ಲ ಕಣವ್ವ."

ಆ ಮಾತು ನಿಜವೇ ಆಗಿತ್ತು. ಗೊತ್ತಿದ್ದರೆ ಹುರುಳಿಕಾಯಿ ಬಿಟ್ಟು ಎದ್ದು ಹೋಗುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಹೌದು ಎಂಬ ಉತ್ತರ ಬರುವುದು ಸ್ವಲ್ಪ ತಡವಾಯಿತು.

ಡಾಕ್ಟರು ಬೈಯಲಿಲ್ಲ. ಸಿರಿಂಜ್ ಬದಿಗಿಟ್ಟು, ಮೊದಲು ಮೈಕಾಲು ತೊಳೆಯಬೇಕೆಂದರು. ಬಸವಲಿಂಗಮ್ಮ ಮುಂದೆ ಬಂದು ಬೆಚ್ಚನೆ ಸೋಪಿನ ನೀರಿನಲ್ಲಿ ಅದರ ಪಾದಗಳನ್ನು ಹಿಡಿದುಕೊಂಡಳು. ಬೆಕ್ಕನ್ನು ಮುಟ್ಟಿದ್ದು ಅದೇ ಮೊದಲು. ಅಂಗಾಲುಗಳು ಬೆಂದು ಕೆಂಪಾಗಿದ್ದವು. ಅದು ಮಣಿಕಟ್ಟನ್ನು ಪರಚಿತು. ಅವಳು ಕೈ ಬಿಡಲಿಲ್ಲ.

ಡ್ರಿಪ್ಪು, ಇಂಜೆಕ್ಷನ್ನುಗಳ ಮೇಲೆ ಕೆಲವು ದಿನ ಕಳೆದು ಬೂದಿ ಉಳಿದುಕೊಂಡಿತು. ಅದನ್ನು ಮನೆಗೆ ಕರೆತರುವ ದಿನ ಬಸವಲಿಂಗಮ್ಮ ಕೋಣೆಯನ್ನೂ ಹಜಾರವನ್ನೂ ಬರೀ ನೀರಿನಲ್ಲಿ ಮತ್ತೆ ಮತ್ತೆ ಒರೆಸಿದಳು. ಕೊನೆಗೆ ಬಗ್ಗಿ ನೆಲವನ್ನು ಮೂಸಿಯೂ ನೋಡಿದಳು.

ಮೇಘನಾ ಬೆಕ್ಕನ್ನೆತ್ತಿಕೊಂಡು ಒಳಬಂದಳು. "ಬರೀ ನೀರಲ್ಲೇ ಒರ್ಸಿದೀನಿ, ಕೆಳಕ್ ಬುಡವ್ವ," ಎಂದಳು ಬಸವಲಿಂಗಮ್ಮ. "ಹೂಂ," ಎಂದ ಮಗಳು ಅದನ್ನು ಒಯ್ದು ಮಂಚದ ಮೇಲೆ ಬಿಟ್ಟಳು.

ಹೊತ್ತೇರಿದ ಮೇಲೆ ಬೂದಿ ಕೆಳಗಿಳಿಯಲು ಮುಂಗಾಲು ಚಾಚಿತು. ಮೇಘನಾ ಮಂಚದ ಅಂಚು ಹಿಡಿದು ಭಾರವಾಗಿ ಎದ್ದಳು. ಅದನ್ನು ಎದೆಗೆ ಅವಚಿಕೊಂಡು, ಹಜಾರ ದಾಟಿ, ಅಂಗಳದ ಮಣ್ಣಿನ ಮೇಲೆ ಇಳಿಸಿದಳು.