ಮಸೂದ್ ಮಾಮನಿಗೆ ಹೋಗುವ ಉತ್ತರ

ಜ್ವರ ಅಂದರೆ ಮಸೂದ್ ಮಾಮ ಗಂಜಿ ಹಿಡಿದುಕೊಂಡು ಬರುತ್ತಾರೆ. ಹೊಟ್ಟೆನೋವು ಅಂದರೆ ಜೊತೆಗೆ ಮಾಮಿಯೂ ಬರುತ್ತಾರೆ, ಮಾಮಿಯ ಹಿಂದೆಯೇ ಮಾಮಿಯ ಕಷಾಯವೂ ಬರುತ್ತದೆ. ಅದಕ್ಕೇ ಝಿಯಾದ್ ತುಂಬ ಯೋಚನೆ ಮಾಡಿ ಚಿಕನ್‌ಪಾಕ್ಸ್ ಆರಿಸಿದ್ದ.

ಮಸೂದ್ ಅವನ ತಾಯಿ, ಉಮ್ಮ ಜಮೀಲಳ ಅಣ್ಣ. ಮನೆ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ರಜೆಯ ಭಾನುವಾರ ಬಂತೆಂದರೆ ದುಬೈಯಿಂದ ತಂಗಿಯ ಸಂಸಾರ ಅಲ್ಲಿಗೆ ಊಟಕ್ಕೆ ಹೋಗಲೇಬೇಕು. ಹೋಗದೆ ಬೇರೆಲ್ಲೋ ಸುತ್ತಾಡಿದ್ದು ಗೊತ್ತಾದರೆ ಮುಂದಿನ ಈದ್‌ವರೆಗೂ 'ನಮ್ಮನ್ನು ಕರೀಲಿಲ್ಲ' ಎಂಬ ಕೇಸು ನಡೆಯುತ್ತದೆ. ಕರೆದರೋ, ಸಾಲಾಗಿ ಕಾರು, ಬಿರಿಯಾನಿಯ ಪಾತ್ರೆ, ಚಾಪೆ, ಮಡಚುವ ಕುರ್ಚಿ. ಆ ಮೆರವಣಿಗೆ, ಝಿಯಾದ್ ಈ ಭಾನುವಾರ ಮನೆಯವರನ್ನು ಕರೆದೊಯ್ಯಬೇಕೆಂದಿದ್ದ ಹತ್ತಾ ಬೆಟ್ಟದ ಬಿರುಕಿನೊಳಗೆ ಹಿಡಿಸುವುದಿಲ್ಲ. ಕೆಲವು ಕಡೆ ಆ ಬಿರುಕು ಎಷ್ಟು ಸಪೂರ ಎಂದರೆ ಮನುಷ್ಯ ಅಡ್ಡ ತಿರುಗಿ, ಉಸಿರು ಒಳಗೆಳೆದುಕೊಂಡರೆ ಮಾತ್ರ ಬೆಟ್ಟ ದಾರಿ ಬಿಡುತ್ತದೆ.

ಹಿಂದಿನ ಚಳಿಗಾಲದಲ್ಲಿ ಝಿಯಾದ್ ಸಿಲಿಕಾನ್ ಓಯಸಿಸ್‌ನ ಆಫೀಸಿನ ಗೆಳೆಯರ ಜೊತೆ, ಗೈಡ್‌ನ ಬೆನ್ನ ಹಿಂದೆ ಅಲ್ಲಿಗೆ ಹೋಗಿ ಬಂದಿದ್ದ. ಬಂದವನು ಮನೆಯಲ್ಲಿ ಕತೆ ಹೇಳುವಾಗ ಗೈಡ್‌ನನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ಹೋಗಿ, ಕೊನೆಗೆ ಪರದೆ ಮೇಲೆ ತಾನೊಬ್ಬನೇ ಉಳಿದಿದ್ದ.

"ಈ ಸಲ ಗೈಡ್ ಬೇಡ್ವಾ?" ಎಂದು ತಂದೆ, ಉಪ್ಪ ಉಮರ್ ಕೇಳಿದಾಗ, "ಹೀರೋ ಸೆಟ್ಟಿಗೆ ಬಂದ ಮೇಲೆ ಡೂಪಿಗೆ ಎಂತ ಕೆಲಸ ಉಪ್ಪ?" ಎಂದಿದ್ದ.

ಉಮರ್‌ಗೆ ನಗು ಬಂದಿತ್ತು. ಅಲ್ ಮುರಕ್ಕಬಾತ್‌ನ ಬಟ್ಟೆ ಅಂಗಡಿಯಲ್ಲಿ ಅವರಿಗೆ ಭಾನುವಾರ ರಜೆ ಸಿಗುವುದೇ ಅಪರೂಪ. ಸಿಕ್ಕಿದ್ದನ್ನೆಲ್ಲ ಭಾವನ ಸೋಫಾ ತಿಂದಿತ್ತು. "ಹೋಗುವ. ಆದ್ರೆ ಮಸೂದಾಕನಿಗೆ ಎಂತ ಹೇಳುದು?"

"ಆ ಸೀನ್ ನನಗೆ ಬಿಡಿ."

ಸೀನ್ ಇಷ್ಟೇ. ಉಪ್ಪನ ಅಂಗಡಿ ಫೋನಿಗೆ ಯಾರು ಮೆಸೇಜ್ ಹಾಕಿದರೂ ತಾನಾಗಿಯೇ ಒಂದು ಉತ್ತರ ಹೋಗುತ್ತಿತ್ತು: ಅಂಗಡಿ ಇಷ್ಟು ಗಂಟೆಗೆ ತೆರೆಯುತ್ತದೆ ಅಂತ. ಝಿಯಾದ್ ಅದನ್ನು ಅಳಿಸಿ ಹೊಸದು ಬರೆದ. 'ಅಸ್ಸಲಾಮು ಅಲೈಕುಂ. ಮನೆಯಲ್ಲಿ ಎಲ್ಲರಿಗೂ ಚಿಕನ್‌ಪಾಕ್ಸ್. ಹೆದರುವಂಥದ್ದು ಎಂತದೂ ಇಲ್ಲ, ಆರಾಮ ಇದ್ದೇವೆ. ಫೋನ್ ನೋಡಿದರೆ ಕಣ್ಣು ಉರಿಯುತ್ತದೆ, ಕಾಲ್ ಮಾಡಬೇಡಿ. ಎರಡು ವಾರ ದಯವಿಟ್ಟು ಈ ಕಡೆ ಬರಬೇಡಿ.' ಮಾಮನ ಮನೆಯಲ್ಲಿ ಮಗಳ ಬಾಣಂತನ ನಡೆಯುತ್ತಿತ್ತು. ಹಸುಗೂಸು ಇರುವ ಮನೆಯವರು ಚಿಕನ್‌ಪಾಕ್ಸ್ ಎಂಬ ಹೆಸರು ಕೇಳಿದರೇ ಕಿಟಕಿ ಮುಚ್ಚುತ್ತಾರೆ. ಫೋನನ್ನು ಮನೆಯಲ್ಲೇ ಚಾರ್ಜಿಗೆ ಸಿಕ್ಕಿಸಿ ಝಿಯಾದ್ ಮೆಟ್ಟಿಲಿಳಿದ. ಉಮ್ಮನಿಗೆ ಇದೊಂದೂ ಗೊತ್ತಿರಲಿಲ್ಲ. ಹತ್ತಾಕ್ಕೆ ಹೋಗುವುದನ್ನು ಗಂಡ ಅಣ್ಣನಿಗೆ ಹೇಳಿರಬೇಕು ಎಂದುಕೊಂಡು ಆಕೆ ಕಾರು ಹತ್ತಿದ್ದಳು.

ಬೆಳಿಗ್ಗೆಯೆಲ್ಲ ಒಳ್ಳೆಯ ತಮಾಷೆಯೇ ನಡೆಯಿತು. ಬಿರುಕಿನೊಳಗೆ ಇಳಿಯುವ ವಿಧಾನ ಸುಲಭ. ಮೇಲಿನ ಬಂಡೆಗೆ ಹಗ್ಗ ಸುತ್ತಿ ಎರಡೂ ತುದಿಗಳನ್ನು ಕೆಳಗೆ ಬಿಡುವುದು. ಎಲ್ಲರೂ ಇಳಿದ ಮೇಲೆ ಒಂದು ತುದಿ ಎಳೆದರೆ ಇಡೀ ಹಗ್ಗ ಕೆಳಗೆ ಬರುತ್ತದೆ, ಮುಂದಿನ ಇಳಿತಕ್ಕೆ ಅದೇ ಹಗ್ಗ. ಬಂದ ದಾರಿ ಮಾತ್ರ ಖಲಾಸ್, ಹೊರಗೆ ಹೋಗುವುದು ಬಿರುಕಿನ ಕೆಳಗಿನ ಬಾಯಿಂದಲೇ. ಪ್ರತಿ ಸಲ ಅಂಚಿನಲ್ಲಿ ನಿಂತು ಝಿಯಾದ್ ಒಂದು ಡೈಲಾಗ್ ಬಿಡುತ್ತಿದ್ದ. "ಏ ಬೆಟ್ಟವೇ, ಲಕ್ಷಾಂತರ ವರ್ಷದಿಂದ ನಿಂತಿದ್ದೀಯಲ್ಲ, ಇವತ್ತು ಕೂತ್ಕೋ. ನಿಲ್ಲುವವ ಬಂದಿದ್ದಾನೆ."

"ಬ್ರೋ, ದಟ್ಸ್ ಸೋ ಕ್ರಿಂಜ್," ಎಂದು ತಂಗಿ ನಸೀಮ ಕೆಳಗಿನಿಂದ ಹೇಳಿದಳು. ಏಳನೇ ಕ್ಲಾಸಿನವಳು, ಮನೆಯವರು ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ.

"ಬಾಯಿ ಮುಚ್ಚಿ ಹಗ್ಗ ಹಿಡಿ," ಎಂದು ಉಮ್ಮ ಹೇಳಿದಳು. ಆಕೆ ಕಣ್ಣು ಮುಚ್ಚಿಕೊಂಡು, ಇಡೀ ದಾರಿ ಅಲ್ಲಾಹನ ಹೆಸರಿನ ದಿಕ್ರ್ ಹೇಳುತ್ತಾ ಇಳಿಯುತ್ತಿದ್ದಳು.

ಮೂರನೆಯ ಇಳಿತಕ್ಕೆ ಝಿಯಾದ್ ಕೊಂಡು ತಂದ ಕಿತ್ತಳೆ ಹಗ್ಗ ಸಾಲಲಿಲ್ಲ. ಉಮರ್ ಅಂಗಡಿಯಿಂದ ತಂದಿದ್ದ ನೀಲಿ ನೈಲಾನ್ ಹಗ್ಗವನ್ನು ಅದಕ್ಕೆ ಜೋಡಿಸಿದರು. ಊರಿಗೆ ಹೋಗುವವರ ಪೆಟ್ಟಿಗೆಗಳಿಗೆಲ್ಲ ಅವರದೇ ಗಂಟು. ದುಬೈಯಲ್ಲಿ ಹಾಕಿದ ಗಂಟನ್ನು ಮಂಗಳೂರಿನಲ್ಲಿ ಕತ್ತಿಯಿಂದಲೇ ಕುಯ್ಯಬೇಕು ಎಂಬುದು ಅವರ ಹೆಮ್ಮೆ. "ಈ ಗಂಟು ಬಿಚ್ಚಿದ್ರೆ ನನ್ನ ಹೆಸರು ಬೇರೆ ಇಡು," ಎಂದರು.

ಗಂಟು ಬಿಚ್ಚಲಿಲ್ಲ. ತೊಂದರೆ ಆದದ್ದೇ ಅಲ್ಲಿ. ನಾಲ್ವರೂ ಇಳಿದ ಮೇಲೆ ಗಂಟಿದ್ದ ಬದಿಯ ಕಿತ್ತಳೆ ತುದಿಯನ್ನು ಎಳೆಯಬೇಕಿತ್ತು. ಹಿಂದಿನ ಚಳಿಗಾಲದಲ್ಲಿ ಗೈಡ್ ಅದನ್ನು ಹೇಳಿದ್ದ. ಆಗ ಝಿಯಾದ್ ಸೆಲ್ಫಿಗೆ ಮುಖ ಕೊಡುತ್ತಿದ್ದ. ಈಗ ಅವನು ಇನ್ನೊಂದು, ನೀಲಿ ತುದಿಯನ್ನು ಎಳೆದ. ಪೆಟ್ಟಿಗೆಯ ಗಂಟು ಮೇಲಕ್ಕೆ ಹೋಗಿ ಬಂಡೆಯ ಸೀಳಿನಲ್ಲಿ ಕಚ್ಚಿ ಕೂತಿತು. "ಬಿಡು, ನಾನು ಎಳೀತೇನೆ," ಎಂದು ಉಮರ್ ನೀಲಿ ಹಗ್ಗವನ್ನು ಕೈಗೆ ಸುತ್ತಿಕೊಂಡು, ಗೋಡೆಗೆ ಕಾಲು ಕೊಟ್ಟು, ಪೆಟ್ಟಿಗೆ ಬಿಗಿಯುವ ಹಾಗೆ ಎಳೆದರು. ಬಂಡೆಯ ಅಂಚಿಗೆ ಉಜ್ಜಿ ಹಗ್ಗ ತುಂಡಾಯಿತು. ಉಮರ್ ಹಿಂದಕ್ಕೆ ಬಿದ್ದರು. ಕಲ್ಲುಗಳ ನಡುವೆ ಸಿಕ್ಕಿಕೊಂಡ ಕಾಲು ಕಡ್ಡಿ ಮುರಿದಂತೆ ಸದ್ದು ಮಾಡಿತು.

ಕಿತ್ತಳೆ ಹಗ್ಗದ ತುದಿ ಆಗಲೇ ಮೇಲೆ ಹೋಗಿ ಗೋಡೆಯ ನಡುವೆ ನೇತಾಡುತ್ತಿತ್ತು. ಝಿಯಾದ್ ನಸೀಮಳನ್ನು ಹೆಗಲ ಮೇಲೆ ನಿಲ್ಲಿಸಿದ. ಎರಡು ಆಳಿನಷ್ಟು ಇನ್ನೂ ಬಾಕಿ. ಉಮ್ಮನ ಶಾಲಿಗೆ ಕಲ್ಲು ಕಟ್ಟಿ ಎಸೆದ. ಶಾಲು ಹಗ್ಗವನ್ನು ಸವರಿ ಕೆಳಗೆ ಬಿತ್ತು, ಮತ್ತೆ ಮತ್ತೆ ಬಿತ್ತು, ಕೊನೆಗೆ ಹರಿಯಿತು. ಗೋಡೆ ಹತ್ತಲು ನೋಡಿದ. ನೀರು ಉಜ್ಜಿ ಉಜ್ಜಿ ನಯ ಮಾಡಿದ್ದ ಕಲ್ಲಿನಲ್ಲಿ ಬೆರಳಿಗೆ ಸಿಗುವಂಥದ್ದು ಏನೂ ಇರಲಿಲ್ಲ. ಮುಂದೆ ಹೋಗಿ ಇಣುಕಿದರೆ, ನಾಲ್ಕನೆಯ ಇಳಿತ ಮೂರು ಮಾಳಿಗೆಯಷ್ಟು ಆಳ. ಕೈಯಲ್ಲಿ ಉಳಿದದ್ದು ಬಟ್ಟೆ ಒಣಹಾಕಲು ಸಾಕಾಗುವಷ್ಟು ನೀಲಿ ಹಗ್ಗ. ಫೋನುಗಳಲ್ಲಿ ಸಿಗ್ನಲ್ ಮಾಫಿ, ಒಂದು ಕಡ್ಡಿಯೂ ಇಲ್ಲ.

"ಹೆದರ್ಬೇಡಿ," ಎಂದಳು ಜಮೀಲ. ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಅಣ್ಣ ಸುಮ್ನೆ ಕೂತ್ಕೊಳ್ಳುವ ಜನ ಅಲ್ಲ. ಎಲ್ಲಿಗೆ ಮುಟ್ಟಿದ್ರಿ ಅಂತ ಮಧ್ಯಾಹ್ನವೇ ಫೋನ್ ಮಾಡಿರ್ತಾರೆ. ತೆಗೀಲಿಲ್ಲ ಅಂದ್ರೆ ಮೆಸೇಜ್. ಅದಕ್ಕೂ ಉತ್ತರ ಇಲ್ಲ ಅಂದ್ರೆ ಕಾರು ತೆಗೀತಾರೆ. ಬಾಗಿಲು ಒಡೆದಾದ್ರೂ ನೋಡ್ತಾರೆ, ಮನೇಲಿಲ್ಲ ಅಂದ್ರೆ ಇಲ್ಲಿಗೇ ಬರ್ತಾರೆ."

ಝಿಯಾದ್ ಹಗ್ಗದ ತುಂಡನ್ನು ಸುತ್ತುತ್ತಿದ್ದವನು ಬಿಚ್ಚಿ, ಮತ್ತೆ ಸುತ್ತತೊಡಗಿದ.

"ಎಂತ ಮೋನೆ, ಡೈಲಾಗ್ ಖಾಲಿಯಾ?" ಎಂದು ಉಮ್ಮ ಮಗನನ್ನು ಕೇಳಿದಳು.

"ಇಂಟರ್ವಲ್ ಉಮ್ಮ," ಎಂದ. ಯಾರೂ ನಗಲಿಲ್ಲ.

ಬಿಸಿಲು ಬಿರುಕಿನ ತುಟಿಯಿಂದ ಜಾರಿತು. ಬೇಸಿಗೆಯಲ್ಲಿ ಸುಡುವ ಆ ಕಲ್ಲು ಜನವರಿಯಲ್ಲಿ ಫ್ರಿಜ್ಜಿನ ಗೋಡೆ. ನಸೀಮ ಉಮ್ಮನಿಗೆ ಅಂಟಿಕೊಂಡು ಕೂತಳು. ನೀರಿನ ಬಾಟಲಿಯನ್ನು ಉಮ್ಮ ಮುಚ್ಚಳದಲ್ಲಿ ಅಳೆದು ಕೊಡುತ್ತಿದ್ದಳು. ತನ್ನ ಸರದಿ ಬಂದಾಗ ಅವಳು ಮುಚ್ಚಳವನ್ನು ತುಟಿಗೆ ತಾಗಿಸಿ ಹಾಗೆಯೇ ಬಾಟಲಿಗೆ ಸುರಿಯುವುದನ್ನು ಝಿಯಾದ್ ಕಂಡ. ಸ್ವಲ್ಪ ಹೊತ್ತಿಗೆ ಉಮ್ಮನಿಗೆ ಜೊಂಪು ಹತ್ತಿತು. ಅವನು ತೆವಳಿ ಉಪ್ಪನ ಕಿವಿಯ ಬಳಿ ಹೋದ.

"ಉಪ್ಪ, ಮಾಮ ಬರುದಿಲ್ಲ."

"ಎಂತಕ್ಕೆ?"

ಹೇಳಿದ. ಬರೆದದ್ದನ್ನು ಅಕ್ಷರ ಬಿಡದೆ ಹೇಳಿದ.

"ನಾಳೆ ಅಂಗಡಿಯವರು ಮೆಸೇಜ್ ಹಾಕ್ತಾರಲ್ಲ?"

"ಅವರಿಗೂ ಅದೇ ಹೋಗ್ತದೆ. ಬರಬೇಡಿ ಅಂತ ಅವರೇ ಹೇಳ್ತಾರೆ ಈಗ."

"ನಸೀಮಳ ಟೀಚರ್?"

"ಶಾಲೆಗೆ ಕೊಟ್ಟದ್ದೂ ನಿಮ್ಮ ನಂಬರೇ ಉಪ್ಪ. ನನ್ನ ಆಫೀಸಿಗೆ ಒಂದು ವಾರ ರಜೆ ಹಾಕಿದ್ದೇನೆ."

"ಕಾರು ಹೊರಗೆ ಉಂಟಲ್ಲ. ಯಾರಾದ್ರೂ ನೋಡ್ತಾರೆ."

"ಟೆಂಟ್ ಹಾಕ್ಲಿಕ್ಕೆ ಬಂದವರದ್ದು ಅಂತಾರೆ. ಅಲ್ಲಿ ವಾರಗಟ್ಟಲೆ ನಿಲ್ಲಿಸಿ ಹೋಗ್ತಾರೆ."

"ಎಲ್ಲಾ ಕಡೆ ಮುಚ್ಚಿದ್ದಿ." ಉಮರ್‌ಗೆ ನಗು ಬಂತೋ, ನೋವಿಗೆ ಬಾಯಿ ಸೊಟ್ಟಗಾಯಿತೋ ತಿಳಿಯಲಿಲ್ಲ. "ನನ್ನ ಗಂಟಾದ್ರೆ ಕತ್ತಿಗೆ ಬರ್ತದೆ ಮೋನೆ. ನಿನ್ನದು ಅದಕ್ಕೂ ಇಲ್ಲ."

"ಬಯ್ಯಿರಿ ಉಪ್ಪ."

"ಬಯ್ದು ಎಂತ ಮಾಡ್ಲಿ. ಉಮ್ಮನಿಗೆ ಹೇಳ್ಬೇಡ. ಅವಳಿಗೆ ಅದೊಂದು ಆಸೆ ಉಂಟು, ಇರ್ಲಿ."

ಝಿಯಾದ್‌ಗೆ ಈಗ ದುಬೈಯ ಮನೆಯೇ ಕಣ್ಣೆದುರು ಕಾಣುತ್ತಿತ್ತು. ಚಾರ್ಜಿನಲ್ಲಿ ನೆಮ್ಮದಿಯಾಗಿ ಮಲಗಿದ ಫೋನ್. ಮಾಮ 'ಎಲ್ಲಿದ್ದೀರಿ?' ಎನ್ನುತ್ತಾರೆ, ಫೋನ್ 'ಆರಾಮ ಇದ್ದೇವೆ' ಎನ್ನುತ್ತದೆ. ಅವರು ಅಲ್ಹಮ್ದುಲಿಲ್ಲಾಹ್ ಅಂದು ಮಗುವನ್ನು ತೂಗಲು ಹೋಗುತ್ತಾರೆ. ನಾಳೆಯೂ ಅಷ್ಟೇ, ನಾಡಿದ್ದೂ ಅಷ್ಟೇ. ಇವರ ದನಿ ನಿಂತ ಮೇಲೂ ಅದು ಇವರ ಹೆಸರಿನಲ್ಲಿ ಆರಾಮವಾಗಿಯೇ ಇರುತ್ತದೆ. ಬ್ಯಾಟರಿಯೂ ಮುಗಿಯುವುದಿಲ್ಲ.

ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತು. ನಸೀಮಳ ಹಲ್ಲು ಕಟಕಟ ಎನ್ನುತ್ತಿತ್ತು. "ಮಾಮನ ವಾಯ್ಸ್ ಮಾಡು," ಎಂದು ಪಿಸುಗುಟ್ಟಿದಳು. "ಪ್ಲೀಸ್. ಜಸ್ಟ್ ಒನ್ಸ್."

ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಆಟ. ಬಾಗಿಲ ಹೊರಗೆ ನಿಂತು ಎರಡು ಸಲ ಕೆಮ್ಮಿ, ಮೂಗಿನಿಂದ ದನಿ ಎಳೆದು ಝಿಯಾದ್ ಮಸೂದ್ ಮಾಮನಾದರೆ ಉಮ್ಮ ಪ್ರತಿ ಸಲವೂ ತಲೆಗೆ ಸೆರಗು ಎಳೆದುಕೊಂಡು ಓಡಿ ಬಂದು ಬಾಗಿಲು ತೆಗೆಯುತ್ತಿದ್ದಳು. ಬೇಡ ಎನ್ನಲು ಅವನ ಬಳಿ ಕಾರಣವಿರಲಿಲ್ಲ. ತಂಗಿ ಇಡೀ ದಿನದಲ್ಲಿ ಕೇಳಿದ್ದೇ ಅಷ್ಟು. ಎರಡು ಸಲ ಕೆಮ್ಮಿದ.

"ಓ ಜಮೀಲಾ... ಬಾಗಿಲು ತೆಗಿ. ಕೈಯಲ್ಲಿ ಪಾತ್ರೆ ಉಂಟು."

ಮೆಲ್ಲಗೇ ಹೇಳಿದ್ದ. ಬೆಟ್ಟ ಅದನ್ನು ಕಸಿದುಕೊಂಡು, ಗೋಡೆಯಿಂದ ಗೋಡೆಗೆ ಎಸೆಯುತ್ತಾ ಮೇಲಕ್ಕೆ ಒಯ್ದು, ಅಲ್ಲಿಂದ ದೊಡ್ಡದು ಮಾಡಿ ಕೆಳಗೆ ಬಿಟ್ಟಿತು.

ಜಮೀಲ ದಡಕ್ಕನೆ ಎದ್ದು ಕೂತಳು. "ಕೇಳ್ತಾ? ಬಂದ್ರು. ನಾನು ಹೇಳ್ಲಿಲ್ವಾ?" ಕೈ ತಾನಾಗಿಯೇ ಶಾಲನ್ನು ಹುಡುಕಿ, ಹರಿದ ತುಂಡನ್ನೇ ತಲೆಗೆ ಎಳೆದುಕೊಂಡಿತು. "ಅಣ್ಣಾ, ಇಲ್ಲಿ, ಇಲ್ಲಿ ಕೆಳಗಿದ್ದೇವೆ."

ಅವಳ ದನಿಯೂ ಮೇಲೆ ಹೋಗಿ ತಿರುಗಿ ಬಂತು. ಉಮರ್ ಕಣ್ಣು ಮುಚ್ಚಿದರು. ನಸೀಮ ಏನೋ ಹೇಳಲು ಬಾಯಿ ತೆರೆದವಳು ಅಣ್ಣನ ಮುಖ ನೋಡಿದಳು, ಉಪ್ಪನ ಮುಖ ನೋಡಿದಳು. ಅವಳ ಬಾಯಿ ನಿಧಾನಕ್ಕೆ ಮುಚ್ಚಿಕೊಂಡಿತು. ಆ ಹುಡುಗಿಗೆ ಆಗ ಅರ್ಥವಾದದ್ದನ್ನು ಝಿಯಾದ್ ನೋಡದೆ ಇರಲು ಆಗಲಿಲ್ಲ.

"ಮೋನೆ, ನೀನೂ ಕೂಗು. ಅವರಿಗೆ ಕೇಳ್ಲಿಲ್ಲ ಕಾಣ್ತದೆ," ಎಂದಳು ಉಮ್ಮ. "ಯಾರೂ ಇಲ್ಲ ಅಂತ ವಾಪಸ್ ಹೋದ್ರೆ?"

ಝಿಯಾದ್ ಎದ್ದ. "ಆ ಕಡೆಯಿಂದ ಕೂಗ್ತೇನೆ," ಎಂದು ಗೋಡೆ ತಿರುಗುವ ಜಾಗಕ್ಕೆ, ಅವಳಿಗೆ ಕಾಣದ ಕಡೆಗೆ ಹೋದ. ಕಾಲ ಬುಡದಲ್ಲಿ ನಾಲ್ಕನೆಯ ಇಳಿತದ ಕತ್ತಲು. ಹಣೆಯನ್ನು ಕಲ್ಲಿಗೆ ಒತ್ತಿ ಎರಡು ಸಲ ಕೆಮ್ಮಿದ. ಎರಡನೆಯ ಕೆಮ್ಮು ಸರಿಯಾಗಿ ಬರಲಿಲ್ಲ, ಪುನಃ ಕೆಮ್ಮಿದ.

"ಇಲ್ಲೇ ಇದ್ದೇನೆ ಜಮೀಲಾ," ಎಂದ ಮಸೂದ್ ಮಾಮನ ದನಿಯಲ್ಲಿ. "ಹಗ್ಗ ತರ್ಲಿಕ್ಕೆ ಹೋಗ್ತೇನೆ. ನೀನು ಮಕ್ಕಳನ್ನು ಹಿಡ್ಕೊಂಡು ಮಲಗು."

"ಬೇಗ ಬನ್ನಿ ಅಣ್ಣಾ," ಎಂದಳು ಉಮ್ಮ. ಅವಳ ದನಿಯಲ್ಲಿದ್ದ ಸಮಾಧಾನವನ್ನು ಬೆಟ್ಟ ಒಂದೊಂದೇ ಗೋಡೆಗೆ ತಾಗಿಸುತ್ತಾ ಅವನಿದ್ದಲ್ಲಿಗೆ ತಂದುಕೊಟ್ಟಿತು.

ಆಮೇಲೆ ಬಾಟಲಿಯ ಮುಚ್ಚಳ ತೆರೆಯುವ ಸದ್ದು ಕೇಳಿಸಿತು. ಹಗ್ಗ ತುಂಡಾದ ಮೇಲೆ ಮೊದಲ ಸಲ ಉಮ್ಮ ನಿಜವಾಗಿ ನೀರು ಕುಡಿಯುತ್ತಿದ್ದಳು. ಅಣ್ಣ ಬಂದಾಯಿತಲ್ಲ, ಇನ್ನು ಉಳಿಸಿ ಏನು ಮಾಡುವುದು.