ಗೋಡೆಗೆ ಒಪ್ಪುವ ಬಣ್ಣ

"ಬಿಗಿ ಹಿಡಿ, ಹರ್ಷದಾ. ಅಂಚು ಮಡಚಿತು ನೋಡು."

ಗಂಜಿಯಲ್ಲಿ ಅದ್ದಿ ಹಿಂಡಿದ ಹದಿನೆಂಟು ಮೊಳದ ನೂಲಿನ ಸೀರೆ. ಒಂದು ತುದಿ ಸೊಸೆ ಹರ್ಷದಾಳ ಕೈಯಲ್ಲಿ, ಇನ್ನೊಂದು ರಂಗೂಬಾಯಿಯ ಕೈಯಲ್ಲಿ. ದತ್ತವಾಡಿಯ ಚಾಳಿನ ಗಚ್ಚಿಯ ಮೇಲೆ ಇಬ್ಬರೂ ಹಿಂದಕ್ಕೆ ಬಾಗಿ ಜಗ್ಗಿದರು. ಸೀರೆ ಫಟ್ಟೆಂದು ಸುಕ್ಕು ಬಿಟ್ಟಿತು.

ಅವರಿವರ ಸೀರೆಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವುದು ರಂಗೂಬಾಯಿಯ ಮೂವತ್ತು ವರ್ಷದ ಕೆಲಸ. ಮಗ ವಿಕಾಸ ಸಾಲೆಗೆ ಹೋಗುವಾಗ ಆ ಕಡೆಯ ತುದಿ ಅವನು ಹಿಡಿಯುತ್ತಿದ್ದ. ಮದುವೆಯಾದ ಮೇಲೆ ಅವನ ಹೆಂಡತಿ ಹಿಡಿದಳು. ಮೂರು ವರ್ಷದ ಹಿಂದೆ ರಾಂಜಣಗಾಂವದ ಫ್ಯಾಕ್ಟರಿಯಿಂದ ಬೈಕಿನಲ್ಲಿ ಬರುತ್ತಿದ್ದ ವಿಕಾಸ ದಾರಿಯಲ್ಲೇ ಹೋಗಿಬಿಟ್ಟ. ಆಮೇಲೆಯೂ ಹರ್ಷದಾ ಬೆಳಗಾವಿಯ ತವರಿಗೆ ಹೋಗದೆ ಇಲ್ಲೇ ಉಳಿದಳು.

ಇನ್ನು ಇಪ್ಪತ್ತೆರಡು ದಿನಕ್ಕೆ ಅವಳ ಮದುವೆ.

"ಅತ್ತೀ, ರಾಜೀವಿ ಅಮ್ಮಗ ಪತ್ರ ಬರದ್ರ್ಯಾ?" ಹರ್ಷದಾ ಸೀರೆಯ ಆಚೆಯಿಂದ ಕೇಳಿದಳು. ಮುಖ ಕಾಣಲಿಲ್ಲ.

"ಬರೀತೀನಿ."

"ಹಂಗಂದು ನಾಕು ತಿಂಗಳಾತ್ರಿ."

"ವಯಸ್ಸಾದ ಮ್ಯಾಲೆ ಕಲ್ತ ಅಕ್ಷರವಾ. ನಡಕೊಂಡ ಬರ್ತಾವ, ರಿಕ್ಷಾದಾಗ ಬರೂದಿಲ್ಲ."

ಹರ್ಷದಾ ನಕ್ಕಳು. ಆದರೆ ಬೇಗನೆ ನಿಲ್ಲಿಸಿದಳು.

ಮದುವೆಯಾಗುವ ಹುಡುಗ ಸುಖೇಶ್ ಭೋರ್‌ನಲ್ಲಿ ಉಡುಪಿ ಹೋಟೆಲು ಇಟ್ಟವನು. ತಾಯಿಯ ಕಿವಿ ತೋರಿಸಲು ಹರ್ಷದಾ ಕೆಲಸ ಮಾಡುವ ದವಾಖಾನೆಗೆ ಬರುತ್ತಿದ್ದ. ತಾಯಿ ರಾಜೀವಿಗೆ ಈಗ ಏನೂ ಕೇಳಿಸುವುದಿಲ್ಲ. ಅವರು ಬರೆದ ಪತ್ರವನ್ನು ರಂಗೂಬಾಯಿ ಎಷ್ಟು ಸಲ ಓದಿದ್ದಳೆಂದರೆ ಅದು ಬಾಯಿಗೇ ಬಂದಿತ್ತು. "ನಮ್ಮಲ್ಲಿ ಈ ಸಂಬಂಧಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಕೊಡುವವರು ನೀವು. ಮಗ ಬಾಯಲ್ಲಿ ಹೇಳಿದ್ದು ನನಗೆ ಸಾಲದು. ಸಂತೋಷದಿಂದ ಕೊಡುತ್ತೇನೆ ಅಂತ ನಿಮ್ಮ ಕೈಯಿಂದಲೇ ಎರಡು ಗೆರೆ ಬರಲಿ. ಅದು ಬಂದ ಮೇಲೆ ಮದುವೆ ಕಾಗದ ಅಚ್ಚು ಹಾಕಿಸುವ."

ಎರಡು ಗೆರೆ. ರಂಗೂಬಾಯಿ ಮೂರು ಸಲ ಕೂತಿದ್ದಳು. ಮೂರು ಸಲವೂ 'ಸಂ' ಎಂದು ಬರೆದು ಎದ್ದಿದ್ದಳು.

ಮಧ್ಯಾಹ್ನ ಇಬ್ಬರೂ ಸಿಂಹಗಡ ರಸ್ತೆಯ ಮದುವೆ ಕಾರ್ಯಾಲಯಕ್ಕೆ ಹೋದರು. ಆ ತಾರೀಖಿಗೆ ಸಿಕ್ಕಿದ್ದು ಅದೊಂದೇ. ತಗ್ಗು ಮಾಳಿಗೆ, ನಾಲ್ಕೂ ಕಡೆ ಗಾಢ ನವಿಲು ಬಣ್ಣದ ಗೋಡೆ. ಅಲಂಕಾರ ಮಾಡುವ ಪ್ರಾಚಿ ಎಂಬ ಹುಡುಗಿ ಬಟ್ಟೆಯ ತುಂಡುಗಳ ಕಟ್ಟು ಹಿಡಿದು ಕಾಯುತ್ತಿದ್ದಳು. ಪರದೆ, ಹೂವು, ಮದುಮಗಳ ಸೀರೆ, ಎಲ್ಲ ಒಂದಕ್ಕೊಂದು ಹೊಂದಬೇಕು, ಎಲ್ಲವೂ ಗೋಡೆಗೆ ಹೊಂದಬೇಕು ಎಂದು ಮರಾಠಿಯಲ್ಲಿ ಹೇಳುತ್ತ ಕುರ್ಚಿಗಳ ಮೇಲೆ ತುಂಡುಗಳನ್ನು ಹರಡಿದಳು.

ಹರ್ಷದಾ ಹಾಲುಬಿಳುಪನ್ನು ಎತ್ತಿದಳು. ಅದರ ಪಕ್ಕಕ್ಕೆ ತೆಳು ಬೂದಿ ಬಣ್ಣವಿಟ್ಟಳು.

"ಈ ಗೋಡೆ ಮುಂದೆ ಇವನ್ನ ಹಾಕಿದರೆ ಮದುವೆ ಅನ್ನಿಸುವುದಿಲ್ಲ ಅಕ್ಕಾ, ನಿಮ್ಮ ದವಾಖಾನೆ ಅನ್ನಿಸುತ್ತದೆ," ಎಂದಳು ಪ್ರಾಚಿ. "ಇದಕ್ಕೆ ಕೆಂಪು ಬೇಕು, ಚೆಂಡು ಹೂವಿನ ಬಣ್ಣ ಬೇಕು."

"ನನಗ ಇದ ಸೇರತದ," ಎಂದು ಹರ್ಷದಾ ಕನ್ನಡದಲ್ಲೇ ಅಂದುಬಿಟ್ಟಳು, ಮತ್ತೆ ಮರಾಠಿಯಲ್ಲಿ ಹೇಳಿದಳು.

ಮೂವತ್ತು ವರ್ಷ ಬಣ್ಣಬಣ್ಣದ ಸೀರೆಗಳಲ್ಲಿ ಕೈಯಾಡಿಸಿದ ರಂಗೂಬಾಯಿಗೆ ಹುಡುಗಿಯ ಮಾತು ಸರಿಯೆಂದು ಕಂಡಿತ್ತು. ಪ್ರಾಚಿ ಫೋನು ಬಂದಿತೆಂದು ಬಾಗಿಲ ಕಡೆ ಹೋದಾಗ ಅವಳು ಸೊಸೆಯ ಕಡೆ ತಿರುಗಿದಳು.

"ಬಿಳೇದು, ಬೂದಿ. ಯಾರಿಗೆ ಅಂಜತಿ ನೀ? ಸುಖೇಶನ ಕಡ್ಯಾವ್ರು ಏನರ ಅಂದ್ರೇನು?"

"ಇಲ್ರಿ. ನಿನಗ ಬೇಕಾದ್ದು ಉಡು ಅಂದಾರ."

"ಮತ್ತ?"

ಹರ್ಷದಾ ತುಂಡಿನ ಅಂಚಿನ ಎಳೆ ಕೀಳುತ್ತಿದ್ದಳು. "ನೀವು ಮುಂದಿನ ಸಾಲಿನ್ಯಾಗ ಕೂಡತೀರಿ. ಹೂವು ಕೆಂಪು, ಪರದಿ ಕೆಂಪು, ನಾನೂ ಕೆಂಪು. ಎಲ್ಲಾ ನಮ್ಮ ಮದವಿ ದಿನದ್ಹಂಗ ಇರತದ. ಅವರೊಬ್ರ ಇರೂದಿಲ್ಲ. ನೀವು ಅದನ್ನ ಹೆಂಗ ನೋಡತೀರಿ ಅತ್ತಿ?"

ರಂಗೂಬಾಯಿ ಕುರ್ಚಿಯ ಮೇಲಿನ ತುಂಡು ಸರಿಸಿ ಕೂತಳು.

"ನಮ್ಮೂರಾಗ ಗಂಡ ಸತ್ತಾಕಿಗೆ ಮತ್ತ ಮದವಿ ಮಾಡಿದ್ರ ಉಡಕಿ ಅಂತಿದ್ರು," ಎಂದಳು. "ನಮ್ಮ ಚಿಗವ್ವನ ಉಡಕಿ ನಾ ನೋಡೀನಿ. ನಾ ಆರು ವರ್ಷದಾಕಿ. ಬಿಳೇ ಸೀರಿ ಉಡಿಸಿ ಹಿತ್ತಲ ಬಾಗಲದಿಂದ ಕಳಸಿದ್ರು. ಓಲಗಿಲ್ಲ, ಅಕ್ಕಿಕಾಳಿಲ್ಲ. ಮುತ್ತೈದೇರು ಆಕಿ ಮಾರಿ ನೋಡಬಾರದಂತ ಒಳಗ ಬಾಗಲಾ ಹಾಕ್ಕೊಂಡು ಕುಂತಿದ್ರು. ನಾ ಹಿತ್ತಲದಾಗ ಇದ್ದೆ. ಆಕಿ ನನ್ನ ನೋಡಿ, ಬರತೀನವಾ ರಂಗೂ ಅಂದ್ಲು. ಯಾರೂ ಹೂಂ ಅನಬ್ಯಾಡ್ರಿ ಅಂತ ಮದಲ ಹೇಳಿದ್ರು. ನಾ ಅನಲಿಲ್ಲ."

"ಆಮ್ಯಾಲೆ?"

"ಆಮ್ಯಾಲೇನು? ಆಕಿ ಮತ್ತ ಬರಲಿಲ್ಲ."

ಪ್ರಾಚಿ ಮರಳಿ ಬಂದಳು. ರಂಗೂಬಾಯಿ ಎದ್ದು ತುಂಡುಗಳ ರಾಶಿಯಲ್ಲಿ ಕೈಯಾಡಿಸಿದಳು. ಒಂದು ಕೆಂಪನ್ನು ಎತ್ತಿ, ಬೆಳಕಿಗೆ ಹಿಡಿದು, ಇದು ಇಟ್ಟಂಗಿ ಬಣ್ಣ ಎಂದು ಬದಿಗಿಟ್ಟಳು. ಇನ್ನೊಂದನ್ನು ಎತ್ತಿದಳು. ಹಸಿ ಕುಂಕುಮದ ಕೆಂಪು. ಅದನ್ನು ಹರ್ಷದಾಳ ಹೆಗಲ ಮೇಲೆ ಹೊದಿಸಿ, ಅವಳ ತೋಳು ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು.

ಒಪ್ಪಿತು. ಎಂಟು ವರ್ಷದ ಹಿಂದೆಯೂ ಒಪ್ಪಿತ್ತು. ಅಂದು ವಿಕಾಸ ಅಂತರಪಟದ ಮೇಲಿಂದ ಇಣುಕಿ ನೋಡಿ ಎಲ್ಲರಿಂದ ಬೈಸಿಕೊಂಡಿದ್ದ.

ರಂಗೂಬಾಯಿ ಹೆಗಲ ಮೇಲಿನ ಬಟ್ಟೆ ಸರಿಮಾಡಿದಳು. ಸರಿಯಾದ ಮೇಲೂ ಮಾಡುತ್ತಿದ್ದಳು. ಹರ್ಷದಾ ಕಣ್ಣು ಮುಚ್ಚಿಕೊಂಡು ನಿಂತಿದ್ದಳು.

"ವಾಹ್!" ಎಂದು ಪ್ರಾಚಿ ಮೊಬೈಲು ಎತ್ತಿದಳು. "ಆಜಿ, ತುಸು ಆಚೆ ಸರೀರಿ. ಫೋಟೋದಲ್ಲಿ ನೀವು ಬರುತ್ತಿದ್ದೀರಿ."

ರಂಗೂಬಾಯಿ ಕೈ ತೆಗೆದು ಆಚೆ ಸರಿದಳು.

"ಇದ ಇರಲಿ," ಎಂದಳು. "ಪರದಿನೂ ಇದ."

ಹರ್ಷದಾ ಅಲ್ಲಿಂದಲೇ ಡ್ಯೂಟಿಗೆ ಹೋದಳು. ರಂಗೂಬಾಯಿ ಬಸ್ಸು ಹತ್ತಲಿಲ್ಲ. ಪೋಸ್ಟ್ ಆಫೀಸಿಗೆ ನಡೆದು, ಅಂಚೆ ಲಕೋಟೆ ಕೊಂಡು, ಒಂದು ಹಾಳೆ ಕೇಳಿ ಇಸಿದುಕೊಂಡಳು. ಅಂಟಿನ ಬಟ್ಟಲಿದ್ದ ಮೇಜಿನ ಮುಂದೆ ನಿಂತುಕೊಂಡೇ ಬರೆದಳು.

"ರಾಜೀವಿ ಅಮ್ಮನವರಿಗೆ ರಂಗೂಬಾಯಿಯ ನಮಸ್ಕಾರ. ತಡವಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ. ಸಂತೋಷದಿಂದ ಎಂದು ಬರೆಯಲು ನನ್ನ ಕೈಯಿಂದ ಆಗಲಿಲ್ಲ. ಆ ಮಾತು ಬಿಟ್ಟು ಬರೆಯುತ್ತೇನೆ. ಹರ್ಷದಾಳನ್ನು ನಿಮಗೆ ಕೊಡುತ್ತೇನೆ. ಕಾಗದ ಅಚ್ಚು ಹಾಕಿಸಿರಿ. ಬೆಳಿಗ್ಗೆ ಎದ್ದ ಕೂಡಲೆ ಅವಳನ್ನು ಮಾತಾಡಿಸಬೇಡಿರಿ. ಚಹಾ ಕುಡಿದ ಮೇಲೆ ತಾನೇ ಮಾತಾಡುತ್ತಾಳೆ. ನಿಮಗೆ ಕೇಳಿಸದಿದ್ದರೂ ಮಾತಾಡುತ್ತಾಳೆ. ಮಾತಾಡಲಿ."

ಕೌಂಟರಿನಲ್ಲಿದ್ದ ಹೆಣ್ಣುಮಗಳಿಂದ ಭೋರ್‌ನ ವಿಳಾಸವನ್ನು ಮರಾಠಿಯಲ್ಲಿ ಬರೆಸಿ, ಹೊರಗಿನ ಡಬ್ಬಿಗೆ ಲಕೋಟೆ ಹಾಕಿದಳು. ಅದು ಒಳಗೆ ಬಿದ್ದ ಸದ್ದು ಕೇಳಿಸಲಿಲ್ಲ. ಮುಂದಿನ ಸಲ ಡಬ್ಬಿ ತೆಗೆಯುವುದು ನಾಲ್ಕಕ್ಕೆ ಎಂದು ತಗಡಿನ ಮೇಲೆ ಬರೆದಿತ್ತು. ಎದುರಿನ ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಅವಳು ಕೂತಳು.

ನಾಲ್ಕೂ ಹತ್ತಕ್ಕೆ ಅಂಚೆಯವನು ಬಂದು ಬೀಗ ತೆಗೆದ. ಇದ್ದದ್ದೇ ಐದಾರು ಕಾಗದ. ಅವನ್ನು ಚೀಲಕ್ಕೆ ಸುರಿದು ಬಾಯಿ ಕಟ್ಟುತ್ತ, ಅಷ್ಟು ಹೊತ್ತಿನಿಂದ ತನ್ನ ಕೈಯನ್ನೇ ನೋಡುತ್ತಿದ್ದ ಮುದುಕಿಯನ್ನು ಕಂಡ. ಯಾರ ದಾರಿ ಕಾಯುತ್ತಿದ್ದೀರಿ ಆಜಿ, ಎಂದು ಮರಾಠಿಯಲ್ಲಿ ಕೇಳಿದ.

"ಕೋಣಾಚೀ ನಾಹೀ," ಎಂದಳು ರಂಗೂಬಾಯಿ. ಯಾರದೂ ಇಲ್ಲ.

ಅವನು ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಸ್ಕೂಟರು ಚಾಲೂ ಮಾಡಿದ. ಅದು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಕೂತೇ ಇದ್ದಳು. ಆಮೇಲೆ ಕಾಲಿನಿಂದ ಚಪ್ಪಲಿ ಹುಡುಕಿದಳು.