ಹೊಸ್ತಿಲಾಚೆಯ ದಾವಲಬಿ

ಧಾರವಾಡದ ನಮ್ಮ ಓಣಿಯ ಹಳೆಯ ಮನೆಗಳನ್ನು ನೋಡಲು ಪರವೂರಿನವರು ಬರುತ್ತಾರೆ. ಮನೆಗಳ ಮುಂಭಾಗವನ್ನು ಯಾರೂ ಕೆಡಿಸಬಾರದೆಂದು ಓಣಿಯ ಹಿರಿಯ ಅರ್ಜುನಪ್ಪ ಕಾಕಾ ಎಲ್ಲರನ್ನೂ ಒಪ್ಪಿಸಿದ್ದಾರೆ. ಸ್ವಂತ ಮಗ ಅಂಗಡಿಗೆಂದು ಶಟರ್ ತಂದಾಗ ಅದೇ ಗಾಡಿಯಲ್ಲಿ ವಾಪಸು ಕಳಿಸಿದವರು ಅವರು.

ನಮ್ಮದೂ ಅಂಥದೇ ಮನೆ. ಎತ್ತರದ ಕಟ್ಟೆ, ಮೊಣಕಾಲೆತ್ತರದ ತೇಗದ ಹೊಸ್ತಿಲು. ಸೊಂಟದ ಆಪರೇಶನ್ ಆದಮೇಲೆ ನಾನು ಆಯಿ ಎಂದು ಕರೆಯುವ ನನ್ನ ಅಜ್ಜಿ ಹೊಳೆವ್ವ ವಾಕರ್ ಹಿಡಿದು ಹೊಸ್ತಿಲ ತನಕ ಬಂದು ನಿಲ್ಲುತ್ತಾಳೆ. ದಾಟಲಾರಳು. ಎದುರು ಮನೆಯ ದಾವಲಬಿಗೆ ಮೊಣಕಾಲು ನೋವು, ಕಟ್ಟೆ ಹತ್ತಲಾರಳು. ಮೊದಲು ಸಂಜೆಯಾದರೆ ಆಯಿ ಕಟ್ಟೆಯ ತುದಿಗೆ, ದಾವಲಬಿ ಕೆಳಗೆ ಕುರ್ಚಿಯಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದರು. ಈಗ ನಡುವೆ ನಾನು. ಇಬ್ಬರಿಗೂ ಕಿವಿ ಮಂದ, ಅಷ್ಟು ದೂರದ ಮಾತು ಕೇಳದು. ಕಾಲೇಜಿನಲ್ಲಿ ಹಾಜರಿ ಹೇಳಿದರೆ ಮುಂದಿನ ಬೆಂಚಿಗೂ ಕೇಳದಿದ್ದ ನಾನು ಓಣಿಗೆಲ್ಲ ಕೇಳುವಂತೆ ಕೂಗಬೇಕು.

“ದುರ್ಗಾ, ನಿಮ್ಮ ಆಯಿಗೆ ಹೇಳು, ನಿನ್ನಿ ಕಳಿಸಿದ ಪಲ್ಯಾದಾಗ ಉಪ್ಪ ಇದ್ದಿದ್ದಿಲ್ಲ,” ಎನ್ನುತ್ತಿದ್ದಳು ದಾವಲಬಿ.

“ಹಂಗಾರ ಬಟ್ಟಲಾ ಯಾಕ ನೆಕ್ಕಿ ಕಳಿಸಿದಿ ಅಂತ ಕೇಳು.”

ನಾನು ಎರಡನ್ನೂ ಮೆತ್ತಗೆ ಮಾಡಿ ಮುಟ್ಟಿಸುತ್ತಿದ್ದೆ. ಅದು ಇಬ್ಬರಿಗೂ ರುಚಿಸುತ್ತಿರಲಿಲ್ಲ. ಒಂದು ಸಂಜೆ ಆಯಿ, “ಸಾಕವ್ವಾ, ಬೈದರ ಎದುರಾಎದುರ ಬೈಬೇಕು,” ಎಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಮರುದಿನ ಆಯಿ ದಾಟಲೆಂದು ನಾನು ಹೊಸ್ತಿಲ ಮೇಲೆ ಇಳಿಜಾರಾಗಿ ಹಲಗೆ ಹಾಸಿದೆ.

“ಅರಿಷಿಣ ಕುಂಕುಮ ಹಚ್ಚೂ ಹೊಸ್ತಿಲದು. ತುಳಕೊಂಡ ಹೋಗಂತೀಯೇನ?” ಎಂದು ಆಯಿ ಅದನ್ನು ತೆಗೆಸಿದಳು.

ಕಾಕಾರ ಬಾಗಿಲ ತನಕ ಹೋಗಿ ಹೋಗಿ, ಕೇಳಲು ಧೈರ್ಯ ಸಾಲದೆ ತಿರುಗಿ ಬಂದೆ. ಕೊನೆಗೆ ಅವರೇ ಕರೆದರು.

“ಏನ ಬೇಕಾಗಿತ್ತವಾ?”

“ಹೊಸ್ತಿಲಾ ತಗಸಬೇಕ್ರಿ, ಕಾಕಾ.”

“ಏನಂದಿ?”

ನನ್ನ ದನಿ ದಾವಲಬಿಗೆ ಕೂಗುವ ದನಿಯಾಯಿತು. “ಹೊಸ್ತಿಲಾ ತಗಸಬೇಕ್ರಿ. ನಮ್ಮ ಆಯಿ ಕಟ್ಟಿ ಮ್ಯಾಲ ಬರಬೇಕ್ರಿ.”

ಅಕ್ಕಪಕ್ಕದ ಕಿಟಕಿಗಳು ತೆರೆದವು. ಕಾಕಾ ನಮ್ಮ ಮನೆಗೆ ನಡೆದರು. ಹೊಸ್ತಿಲ ಮೇಲೆ ಕೈಯಾಡಿಸಿದರು. “ನನ್ನ ಮಗ ಕೇಳಿದರ ಏನ ಹೇಳಲಿ?” ಎಂದರು.

ಆಯಿ ಒಳಗಿನಿಂದ ವಾಕರ್ ಊರುತ್ತ ಬಂದಳು. “ಅಕಿ ಮಾತ ಬಿಡ್ರಿ. ನಿಮ್ಮ ಮಾತ ಕೆಡೂದ ಬ್ಯಾಡ. ಚಾ ಕುಡೀರಿ.”

ಕಾಕಾ ತಿರುಗಿ ಕಟ್ಟೆಯನ್ನು ನೋಡಿದರು. ತುದಿಯಲ್ಲಿ ಆಯಿ ಕೂತು ಕೂತು ಕಲ್ಲು ನುಣುಪಾಗಿತ್ತು.

“ಕಡಿಯೂದ ಬ್ಯಾಡ,” ಎಂದರು. “ಇಡಿಯಾಗಿ ಬಿಚ್ಚಿಸಿ ಜ್ವಾಕಿಲೆ ಇಡೂಣು. ಮಗನ್ನೂ ಕರೀತೇನಿ. ಎತ್ತಾಕ ಒಬ್ಬಂವ ಬೇಕಲ್ಲ.”

ಬಿಚ್ಚಿದ ಹೊಸ್ತಿಲನ್ನು ದೇವರ ಜಗುಲಿಯ ಪಕ್ಕ ನಿಲ್ಲಿಸಿದರು. ಆಯಿ ಅದಕ್ಕೆ ಅರಿಷಿಣ, ಕುಂಕುಮ ಹಚ್ಚಿ ಬಾಗಿಲಿಗೆ ಬಂದಳು. ಸಮ ಮಾಡಿದ ನೆಲದೆದುರು ಒಂದು ಗಳಿಗೆ ನಿಂತು, ಕಾಲನ್ನು ಇಷ್ಟೇ ಎತ್ತಿ ದಾಟಿದಳು.

“ಅಲ್ಲೇನೈತಂತ ದಾಟ್ತೀಯೇ?” ಕೆಳಗಿನಿಂದ ದಾವಲಬಿ ಕೂಗಿದಳು.

ಆಯಿ ನುಣುಪಾದ ಕಲ್ಲಿನ ಮೇಲೆ ಕೂತು, ಎಲೆಗೆ ಸುಣ್ಣ ಸವರಿದಳು. “ಬಟ್ಟಲಾ ನೆಕ್ಕಾಕಿ, ನಿನಗೇನ ತಿಳೀತೈತಿ?”

ಅಭ್ಯಾಸದಿಂದ, ಮೆತ್ತಗೆ ಮಾಡಿ ಮುಟ್ಟಿಸಲು ನಾನು ಬಾಯಿ ತೆರೆದೆ. ದಾವಲಬಿಗೆ ಅದಾಗಲೇ ಕೇಳಿತ್ತು. ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.